ಇಟಾಸ್ಕ ಸರೋವರದಲ್ಲಿ ಮೂರು ದಿನ

ಅಮೆರಿಕಕ್ಕೆ ಹೋಗಿಬಂದ ತಂದೆತಾಯಂದಿರು ಬರೆಯುವ ಪ್ರವಾಸಕಥನಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ನಯಾಗರ, ಸ್ವಾತಂತ್ರ್ಯದೇವಿಯ ಪ್ರತಿಮೆ, ಶ್ವೇತಭವನ, ಕೊನೆಗೆ ಸೊಸೆಯ ಪಾತ್ರೆ ತೊಳೆಯುವ ಯಂತ್ರದ ವರ್ಣನೆ. ಈ ಕ್ರಮ ಸಂಧ್ಯಾವಂದನೆಯ ವಿಧಿಯಷ್ಟೇ ಖಚಿತವಾಗಿಬಿಟ್ಟಿದೆ. ಆದ್ದರಿಂದ 2023ರಲ್ಲಿ ಮಿನಿಯಾಪೊಲಿಸ್ ನಗರದ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದ ಮೇಲೂ ನಾನು ಆ ಕುರಿತು ಬರೆಯುವ ಗೋಜಿಗೆ ಹೋಗಿರಲಿಲ್ಲ. ಆದರೆ ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಮೇಡಂ, ನಕ್ಷೆಯ ಮೇಲೆ ಕೋಲು ಇಟ್ಟು ನಮಗೆ ಮಿಸ್ಸಿಸಿಪ್ಪಿ ತೋರಿಸುತ್ತಿದ್ದಿರಿ. ಅಷ್ಟು ದೂರ ಹೋದವರು ಅದನ್ನು ನೋಡಿದಿರೋ ಇಲ್ಲವೋ?" ಎಂದು ಕೇಳಿದ. ನೋಡಿದೆನಪ್ಪಾ, ನಡೆದೇ ದಾಟಿದೆ ಎಂದೆ. ಅವನು ಗಟ್ಟಿಯಾಗಿ ನಕ್ಕ. ನಗುವವರು ಇನ್ನೂ ಕೆಲವರು ಇರಬಹುದೆಂದು ವಿವರವಾಗಿ ಬರೆಯುತ್ತಿದ್ದೇನೆ.

ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ಹಾದಿ. ಜುಲೈ ತಿಂಗಳು. ಅವರ ಶಾಲೆಗಳಿಗೆ ಆಗ ಬೇಸಿಗೆಯ ರಜೆ. ಕಾರಿನ ಬೆನ್ನಿಗೆ ಎರಡು ಸೈಕಲ್, ಒಳಗೆ ಡೇರೆ, ಮಲಗುವ ಚೀಲಗಳು, ಒಲೆ, ಮಡಚುವ ಕುರ್ಚಿಗಳು, ತಣ್ಣಗಿಡುವ ಪೆಟ್ಟಿಗೆ, ಸೊಳ್ಳೆಯ ಔಷಧ, ನನ್ನ ಪಾಲಿಗೆ ಒಂದು ಡಬ್ಬಿ ಉಪ್ಪಿನಕಾಯಿ. ನನ್ನ ತಂದೆ ಊರನ್ನೇ ಬಿಟ್ಟು ಹೊರಟಾಗಲೂ ಇಷ್ಟು ಸಾಮಾನು ಗಾಡಿಗೆ ಹೇರಿರಲಿಲ್ಲ ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ಆ ಸಂಗತಿ ಮುಂದೆ ಬರುತ್ತದೆ.

ಮಗ "ಸ್ಟೇಟ್ ಪಾರ್ಕ್‌ಗೆ ಹೋಗೋಣ ಅಮ್ಮ" ಎಂದಾಗ ನಾನು ಊಹಿಸಿಕೊಂಡಿದ್ದು ಬೃಂದಾವನದಂತಹ ಒಂದು ತೋಟವನ್ನು. ಪಾರ್ಕ್ ಎಂದರೆ ನಮಗೆ ಕತ್ತರಿಸಿದ ಹುಲ್ಲು, ಗುಲಾಬಿಯ ಪಾತಿ, ಕಾರಂಜಿ, ಕಡಲೆಕಾಯಿ ಮಾರುವವನು. ಅಲ್ಲಿ ಹಾಗಲ್ಲ. ಇಟಾಸ್ಕ ರಾಜ್ಯ ಉದ್ಯಾನವೆಂದರೆ 32,000 ಎಕರೆಗೂ ಹೆಚ್ಚಿನ ಕಾಡು, ಅದರೊಳಗೆ ನೂರಕ್ಕೂ ಮಿಕ್ಕಿದ ಸರೋವರಗಳು. ಮಿನ್ನೆಸೋಟ ರಾಜ್ಯ ತನ್ನದೇ ಕಾನೂನಿನಿಂದ 1891ರಲ್ಲಿ ಅದನ್ನು ಕಾಯ್ದಿರಿಸಿತು. ಆ ರಾಜ್ಯದ ಉದ್ಯಾನಗಳಲ್ಲೆಲ್ಲ ಇದೇ ಹಿರಿಯದು. ಮಸೂದೆ ಅಂಗೀಕಾರವಾದದ್ದು ಒಂದೇ ಒಂದು ಮತದ ಅಂತರದಿಂದಂತೆ. ನಾವು ಹೋದ 2023ರಲ್ಲಿ ಬಾಗಿಲಲ್ಲಿ ಕಾರಿಗೆ ಒಂದು ದಿನಕ್ಕೆ ಏಳು ಡಾಲರ್ ಕೊಟ್ಟರೆ ಆಗುತ್ತಿತ್ತು. ಒಳಗೆ ಎಷ್ಟು ನಡೆದರೂ, ಎಷ್ಟು ಈಜಿದರೂ, ಸುಮ್ಮನೆ ಮರದ ಕೆಳಗೆ ಕುಳಿತರೂ ಕೇಳುವವರಿಲ್ಲ. ಡೇರೆ ಹಾಕುವ ಜಾಗಕ್ಕೆ ಬೇರೆ ಬಾಡಿಗೆ. ಅದನ್ನು ಸೊಸೆ ತಿಂಗಳುಗಳ ಮೊದಲೇ ಕಾದಿರಿಸಿದ್ದಳು.

ಮಿಸ್ಸಿಸಿಪ್ಪಿ ಹುಟ್ಟುವುದು ಈ ಕಾಡಿನ ಇಟಾಸ್ಕ ಸರೋವರದಲ್ಲಿ. ಸರೋವರದ ಉತ್ತರದ ತುದಿಯಲ್ಲಿ ದುಂಡು ಬಂಡೆಗಳ ಒಂದು ಸಾಲು. ಬಂಡೆಗಳ ಆಚೆ ಸರೋವರ, ಈಚೆ ನದಿ. ಅಗಲ ನಮ್ಮ ಶಾಲೆಯ ಒಂದು ಕೊಠಡಿಯಷ್ಟು, ಆಳ ಮೊಣಕಾಲಿನವರೆಗೆ. ಪಕ್ಕದಲ್ಲಿ ನಿಲ್ಲಿಸಿದ ಮರದ ಕಂಬದ ಮೇಲೆ ಎರಡು ಅಂಕಿಗಳನ್ನು ಕೊರೆದಿದ್ದಾರೆ: ಸಮುದ್ರಮಟ್ಟದಿಂದ 1475 ಅಡಿ, ಮೆಕ್ಸಿಕೋ ಕೊಲ್ಲಿಗೆ 2552 ಮೈಲಿ. ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದ ಆ ಉದ್ದನೆಯ ಗೆರೆಯ ತಲೆ ನನ್ನ ಕಾಲ ಬಳಿ ಇತ್ತು. ಮಕ್ಕಳು ಬಂಡೆಯಿಂದ ಬಂಡೆಗೆ ಜಿಗಿಯುತ್ತಿದ್ದರು, ಜಾರಿ ಬಿದ್ದು ನಗುತ್ತಿದ್ದರು. ನಾನು ಬಂಡೆಗಳ ತಂಟೆಗೆ ಹೋಗದೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೊಮ್ಮಗಳ ಕೈಹಿಡಿದು ಕೆಳಗಿನ ಮರಳಿನ ಪಾತ್ರದಲ್ಲಿ ನಡೆದು ದಾಟಿದೆ. ನೀರು ಜುಲೈನಲ್ಲಿಯೂ ತಣ್ಣಗಿತ್ತು. ದಾಟಿದ ಮೇಲೆ ಮೊಮ್ಮಗಳಿಗೆ ದಿಕ್ಕು ನೋಡಲು ಹೇಳಿದೆ. ದಕ್ಷಿಣದ ಕಡಲಿಗೆ ಹೋಗಬೇಕಾದ ಈ ನದಿ ಹೊರಡುವುದು ಉತ್ತರಕ್ಕೆ. ಬೆಮಿಜಿ ಎಂಬ ಊರಿನತ್ತ ಸಾಗಿ, ಪೂರ್ವಕ್ಕೆ ಹೊರಳಿ, ಆಮೇಲೆ ದಕ್ಷಿಣದ ಹಾದಿ ಹಿಡಿಯುತ್ತದೆ. ಇಲ್ಲಿಂದ ಹೊರಟ ನೀರಿನ ಹನಿ ಕಡಲು ಸೇರಲು ಸುಮಾರು ತೊಂಬತ್ತು ದಿನ ಬೇಕಂತೆ.

ಆ ಕಂಬದ ಮುಂದೆ ನನಗೆ ಬೇರೊಂದು ಲೆಕ್ಕ ಹೊಳೆಯಿತು. ಭೂಗೋಳದ ಮೇಷ್ಟರುಗಳ ರೋಗವಿದು, ಕ್ಷಮಿಸಬೇಕು. ನಮ್ಮ ಲಿಂಗನಮಕ್ಕಿ ಜಲಾಶಯ ತುಂಬಿದಾಗಿನ ಮಟ್ಟ 1819 ಅಡಿ. ಅಂದರೆ ನಮ್ಮ ಶರಾವತಿಯ ಹಿನ್ನೀರು ಮಿಸ್ಸಿಸಿಪ್ಪಿಯ ನೆತ್ತಿಗಿಂತ ಮುನ್ನೂರು ಅಡಿಗೂ ಎತ್ತರದಲ್ಲಿದೆ! ಅದು ತನ್ನ 1475 ಅಡಿಯನ್ನು ಎರಡೂವರೆ ಸಾವಿರ ಮೈಲಿ ಅಡ್ಡಾಡಿಕೊಂಡು ಇಳಿಯುತ್ತದೆ. ಶರಾವತಿಯ ಒಟ್ಟು ಉದ್ದವೇ ನೂರ ಮೂವತ್ತು ಕಿಲೋಮೀಟರಿನ ಆಸುಪಾಸು. ಅದರಲ್ಲಿ ಜೋಗದಲ್ಲಿಯೇ ಎಂಟುನೂರು ಅಡಿಗೂ ಹೆಚ್ಚು ಧುಮುಕುತ್ತದೆ. ಅಷ್ಟು ಗಿಡ್ಡನೆಯ ನದಿಯ ಮೇಲೆ ವಿದ್ಯುತ್ ಎಂಜಿನಿಯರುಗಳ ಕಣ್ಣು ಬಿದ್ದದ್ದು ಏಕೆಂದು ಬೇರೆ ವಿವರಣೆ ಬೇಕಿಲ್ಲ.

ಇನ್ನೊಂದು ಮಾತು. ಆ ಬಂಡೆಸಾಲು ಪ್ರಕೃತಿ ಜೋಡಿಸಿದ್ದಲ್ಲ. ಮೊದಲು ಅಲ್ಲಿ ಇದ್ದದ್ದು ಕೆಸರು, ಜವುಗು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ನಿರುದ್ಯೋಗಿ ಯುವಕರ ಪಡೆಗಳಿಗೆ ಕೆಲಸ ಕೊಟ್ಟರಲ್ಲ, ಆ ಕಾಲದಲ್ಲಿ ಜವುಗು ಬತ್ತಿಸಿ, ಕಾಲುವೆ ತೋಡಿ, ಕಾಂಕ್ರೀಟಿನ ತಳ ಹಾಕಿ, ಅದು ಕಾಣದಂತೆ ಮೇಲೆ ಬಂಡೆಗಳನ್ನಿಟ್ಟರು. ನೋಡಲು ಬಂದವರಿಗೆ 'ಇದೇ ಮೂಲ' ಎಂದು ತೋರಿಸಲು ಒಂದು ಚೆಂದದ ಜಾಗ ಬೇಕಿತ್ತು. ತಲಕಾವೇರಿಯ ಕುಂಡಿಕೆಯನ್ನು ಕಲ್ಲಿನಿಂದ ಕಟ್ಟಿಕೊಂಡ ನಮಗೆ ಇದು ಅರ್ಥವಾಗದ ಬಯಕೆಯೇನಲ್ಲ.

ಹೆಸರೂ ಹಾಗೆಯೇ, ಕಟ್ಟಿದ್ದು. 1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬುವರು ನದಿಯ ಮೂಲವನ್ನು ಹುಡುಕಿಕೊಂಡು ಬಂದಾಗ ಅವರಿಗೆ ದಾರಿ ತೋರಿಸಿದ್ದು ಓಜಾವಿಂಡಿಬ್ ಎಂಬ ಓಜಿಬ್ವೆ ಜನರ ಮುಖಂಡ. ಓಜಿಬ್ವೆ ಭಾಷೆಯಲ್ಲಿ ಅದಕ್ಕೆ ಆಗಲೇ ಹೆಸರಿತ್ತು: ಎಲ್ಕ್ ಜಿಂಕೆಯ ಸರೋವರ ಎಂದು ಅರ್ಥ. ಸ್ಕೂಲ್‌ಕ್ರಾಫ್ಟ್ ಮಾತ್ರ ಲ್ಯಾಟಿನ್ನಿನ 'ವೆರಿಟಾಸ್ ಕಾಪುಟ್', ಅಂದರೆ ಸತ್ಯ ಮತ್ತು ತಲೆ, ಈ ಎರಡು ಪದಗಳಲ್ಲಿ ಮೊದಲನೆಯದರ ತಲೆಯನ್ನೂ ಎರಡನೆಯದರ ಬಾಲವನ್ನೂ ಕತ್ತರಿಸಿ ಉಳಿದದ್ದನ್ನು ಬೆಸೆದು 'ಇಟಾಸ್ಕ' ಎಂದರು. ಸಂಧಿ ಸಮಾಸ ಕಲಿಸುವ ಕನ್ನಡ ಪಂಡಿತರು ಇದನ್ನು ಯಾವ ಸಂಧಿ ಎನ್ನುತ್ತಾರೋ! ದಾರಿ ತೋರಿಸಿದವರ ಹೆಸರು ಹೋಗಿ ದಾರಿ ಕೇಳಿದವರ ಹೆಸರು ಉಳಿಯಿತು. 1855ರ ಒಪ್ಪಂದದಲ್ಲಿ ಆ ಸೀಮೆಯ ನೆಲವೂ ಓಜಿಬ್ವೆ ಜನರ ಕೈಬಿಟ್ಟಿತು. ಕಾಡು ಉಳಿದ ಕಥೆಯನ್ನು ಮುಂದೆ ಹೇಳುವಾಗ ಇದನ್ನು ಮರೆಯಬಾರದೆಂದು ಮೊದಲೇ ಬರೆದೆ.

ಈಗ ವಿಹಾರದ ಮಾತು. ನಮ್ಮ ಕಡೆ ಕಾಡಿಗೆ ಹೋಗುವುದೆಂದರೆ ಕೆಲಸ. ಸೊಪ್ಪಿಗೆ, ದರಗಿಗೆ, ಸೌದೆಗೆ, ಮುರುಗಲ ಹಣ್ಣಿಗೆ, ತಪ್ಪಿಸಿಕೊಂಡ ದನಕ್ಕೆ. 'ಸುಮ್ಮನೆ ಕಾಡಿಗೆ ಹೋಗಿಬರುತ್ತೇನೆ' ಎಂದಿದ್ದರೆ ನನ್ನ ತಾಯಿ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಅಲ್ಲಿಯ ಜನ ನೋಡಿದರೆ ಒಳ್ಳೆಯ ಮನೆ ಬಿಟ್ಟು ಬಂದು, ನೆಲದ ಮೇಲೆ ಮಲಗಿ, ಬೆವರು ಸುರಿಸಿ ಗುಡ್ಡ ಹತ್ತಿ, ಇದಕ್ಕೆ ವಿಶ್ರಾಂತಿ ಎನ್ನುತ್ತಾರೆ! ಮಗ ಮತ್ತು ಮೊಮ್ಮಗಳು ಒಂದು ಬೆಳಿಗ್ಗೆಯಿಡೀ ಹದಿನಾರು ಮೈಲಿ ಸೈಕಲ್ ತುಳಿದರು. ಸರೋವರದ ಪೂರ್ವಕ್ಕೆ ಸುಮಾರು ಆರು ಮೈಲಿ ಸೈಕಲ್ಲಿಗೆಂದೇ ಮಾಡಿದ ನುಣ್ಣನೆಯ ದಾರಿ, ಪಶ್ಚಿಮಕ್ಕೆ ಹತ್ತು ಮೈಲಿ ಕಾಡಿನೊಳಗಣ ರಸ್ತೆ. ನಡುವೆ ನೂರಡಿಯ ಒಂದು ಉಕ್ಕಿನ ಗೋಪುರ; ಹಿಂದೆ ಕಾಡ್ಗಿಚ್ಚು ಕಾಣಲು ಕಾವಲುಗಾರ ಅದರ ಮೇಲೆ ಕೂರುತ್ತಿದ್ದನಂತೆ. ಸೊಸೆಯೂ ನಾನೂ 1905ರಷ್ಟು ಹಳೆಯದಾದ ಮರದ ದಿಮ್ಮಿಗಳ ಡಗ್ಲಸ್ ವಸತಿಗೃಹದ ಬಳಿಯ ಕಾಲುದಾರಿಯಲ್ಲಿ ನಿಧಾನವಾಗಿ ನಡೆದೆವು. ನನ್ನ ಮಂಡಿ ಕೇಳಿದಾಗಲೆಲ್ಲ ಕುಳಿತೆವು. ಎರಡು ಗಂಟೆಯಲ್ಲಿ ಎದುರಾದ ಹತ್ತಿಪ್ಪತ್ತು ಜನ ಪ್ರತಿಯೊಬ್ಬರೂ ಮುಗುಳ್ನಕ್ಕು ಮುಂದೆ ಹೋದರು. ಒಬ್ಬರ ಕೈಯಲ್ಲಿಯೂ ಹಾಡುವ ಪೆಟ್ಟಿಗೆಯಿರಲಿಲ್ಲ. ಜೋಗದ ವಾಹನ ನಿಲ್ದಾಣ ನೆನಪಾಗಿ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದರೆ ಸುಳ್ಳಲ್ಲ.

ಅಲ್ಲಿಯ ಕೆಂಪು ಪೈನ್ ಮರಗಳ ಒಂದು ತೋಪಿನಲ್ಲಿ ಇನ್ನೂರೈವತ್ತು ವರ್ಷ ಮೀರಿದ ಮರಗಳಿವೆ. ತಲೆಯೆತ್ತಿದರೆ ಕುತ್ತಿಗೆ ನೋಯುವಷ್ಟು ನೆಟ್ಟಗೆ, ತೊಗಟೆ ಸುಟ್ಟ ಇಟ್ಟಿಗೆಯ ಬಣ್ಣ. ಇವು ಹುಟ್ಟಿದ್ದು ಬೆಂಕಿಯ ಕೃಪೆಯಿಂದ. ಕಾಡ್ಗಿಚ್ಚು ತರಗೆಲೆಯನ್ನು ಸುಟ್ಟು ಮಣ್ಣನ್ನು ಬಯಲು ಮಾಡಿದರೆ ಮಾತ್ರ ಇವುಗಳ ಬೀಜ ಚೆನ್ನಾಗಿ ಊರುತ್ತದೆ. ಬೆಂಕಿಯನ್ನು ಆರಿಸುತ್ತ ಬಂದದ್ದರಿಂದ ಹೊಸ ಪೈರು ಏಳುವುದು ಕಡಿಮೆಯಾಯಿತು. ಎದ್ದದ್ದನ್ನು ಜಿಂಕೆಗಳು ಮೇಯುತ್ತವೆ. ಈಗ ಸಿಬ್ಬಂದಿಯವರು ಎಳೆಯ ಬಿಳಿ ಪೈನ್ ಗಿಡಗಳ ತುದಿಮೊಗ್ಗಿಗೆ ಕಾಗದದ ಚಿಕ್ಕ ಟೋಪಿ ತೊಡಿಸಿ ಪಿನ್ನು ಹೊಡೆಯುತ್ತಾರೆ, ಚಳಿಗಾಲದಲ್ಲಿ ಜಿಂಕೆ ಚಿಗುರು ಕಡಿಯದಿರಲೆಂದು. ಮಕ್ಕಳಿಗೆ ಕುಲಾವಿ ಹಾಕಿದ ಹಾಗೆ! ಇನ್ನೂರು ವರ್ಷದ ಅನಂತರದ ಮರಕ್ಕೆ ಇವತ್ತು ಕುಲಾವಿ ಹಾಕುವ ಆ ಕೆಲಸ ನನಗೆ ಬಹಳ ಹಿಡಿಸಿತು.

ಕಾಡಿನ ಕಾಟಗಳೂ ಇದ್ದವು. ಸೊಳ್ಳೆಗಳನ್ನು ಕುರಿತು ಬರೆಯುವುದಿಲ್ಲ. ನಮ್ಮ ಊರಿನವು ಅವುಗಳ ಮುಂದೆ ಸಾಧುಗಳು. ಆದರೆ ಸಂಜೆ ಸೊಸೆ ಮಗಳ ಕಾಲುಚೀಲ ಕಳಚಿ ಉಣುಗು ಹುಡುಕುವುದನ್ನು ಕಂಡಾಗ ಮೈ ಜುಮ್ಮೆಂದಿತು. ನಮ್ಮ ಸೊರಬದ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದ್ದು ಉಣುಗಿನಿಂದಲೇ ತಾನೆ; 1957ರಲ್ಲಿ ಅಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ನಮ್ಮ ಕಡೆಯವರು ಇಂದಿಗೂ ಹೆದರುತ್ತಾರೆ. ಅಲ್ಲಿಯದು ಜಿಂಕೆಯ ಉಣುಗು, ತರುವುದು ಲೈಮ್ ಎಂಬ ಬೇರೆ ಜ್ವರ. ಸೌದೆಗೂ ಅಲ್ಲಿ ಕಟ್ಟುಪಾಡು. ಹೊರಗಿನಿಂದ ಕಟ್ಟಿಗೆ ತರುವಂತಿಲ್ಲ. ಬೂದಿಮರವನ್ನು ಕೊರೆಯುವ ಒಂದು ಹಸಿರು ಹುಳು ಕಟ್ಟಿಗೆಯೊಳಗೆ ಅಡಗಿ ಊರೂರು ಸುತ್ತುತ್ತದೆಂದು, ಪ್ರಮಾಣಪತ್ರವಿರುವ ಸ್ಥಳೀಯ ಸೌದೆಯನ್ನೇ ಕೊಳ್ಳಬೇಕು. ಸೌದೆಗೆ ಪ್ರಮಾಣಪತ್ರ! ಮಗನ ಮುಂದೆ ನಕ್ಕೆ. ಕೊಳ್ಳುವಾಗ ಮಾತ್ರ ಚೀಟಿಯನ್ನು ಓದಿಯೇ ಕೊಂಡೆ.

ಎರಡನೆಯ ದಿನ ನದಿಮೂಲದ ಬಳಿಯ ಸಂದರ್ಶಕರ ಕೇಂದ್ರಕ್ಕೆ ಹೋದೆವು. ಅದಕ್ಕೆ ಮೇರಿ ಗಿಬ್ಸ್ ಎಂಬಾಕೆಯ ಹೆಸರಿಟ್ಟಿದ್ದಾರೆ. ಈಕೆಯ ಕಥೆ ನನಗೆ ಗೊತ್ತಿರಲಿಲ್ಲ. 1903ರಲ್ಲಿ ಉದ್ಯಾನದ ಅಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ರಾಜ್ಯಪಾಲರು ಮಗಳನ್ನೇ ಆ ಸ್ಥಾನಕ್ಕೆ ನೇಮಿಸಿದರು. ವಯಸ್ಸು ಇಪ್ಪತ್ನಾಲ್ಕು. ಆ ಕಾಲದಲ್ಲಿ ನಾಟಾ ವ್ಯಾಪಾರದವರು ಕಡಿದ ದಿಮ್ಮಿಗಳನ್ನು ತೇಲಿಸಿಕೊಂಡು ಹೋಗಲು ಅಣೆಕಟ್ಟು ಹಾಕಿ ನೀರು ನಿಲ್ಲಿಸುತ್ತಿದ್ದರು. ಗೇಟು ಮುಚ್ಚಿದರೆ ಸರೋವರ ಉಬ್ಬಿ ದಂಡೆಯ ಮರಗಳೆಲ್ಲ ಮುಳುಗಿ ಸಾಯುತ್ತಿದ್ದವು. ಮೇರಿ ಗಿಬ್ಸ್ ಕಾನೂನಿನ ಕಾಗದ ಹಿಡಿದು ಗೇಟು ತೆರೆಸಲು ಹೋದಳು. ಎದುರಿಗೆ ಬಂದೂಕು ಹಿಡಿದವರು. ಸನ್ನೆಗೆ ಯಾರು ಕೈಯಿಟ್ಟರೂ ಗುಂಡು ಹೊಡೆಯುತ್ತೇವೆಂದರು. ಜೊತೆಗೆ ಬಂದ ಗಂಡಸರು ಹಿಂಜರಿದರು. ಆಕೆ ಮುಂದೆ ಹೋಗಿ ಸನ್ನೆಯ ಮೇಲೆ ಕೈಯಿಟ್ಟಳು. ಗುಂಡು ಹಾರಲಿಲ್ಲ. ಹಾಗೆಂದು ಅಲ್ಲಿಗೆ ಎಲ್ಲವೂ ಸುಖಾಂತವಾಗಲಿಲ್ಲ. ಅದೇ ವರ್ಷ ಆಕೆ ಹುದ್ದೆ ಬಿಟ್ಟಳು, ಮರ ಕಡಿಯುವುದು ಮುಂದೆಯೂ ಹಲವು ವರ್ಷ ನಡೆಯಿತು. ಆದರೂ ದಂಡೆಯ ದೊಡ್ಡ ಮರಗಳಲ್ಲಿ ಒಂದಿಷ್ಟು ಉಳಿದವು. ನಾನು ಆ ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದನ್ನು ಮೊಮ್ಮಗಳು ಗಮನಿಸಿದ್ದಳು.

ಮೂರನೆಯ ದಿನ ದೋಣಿ. ಮಗ ಬಾಡಿಗೆಗೆ ತಂದದ್ದು ಉದ್ದನೆಯ, ಎರಡೂ ತುದಿ ಚೂಪಾದ, ಹುಟ್ಟು ಹಾಕುವ ದೋಣಿ. ನಾನು ಬರುವುದಿಲ್ಲವೆಂದೆ.

ನನ್ನೊಡನೆ ಜೋಗಕ್ಕೆ, ಹೊನ್ನೇಮರಡುವಿಗೆ ಹೊರಸಂಚಾರ ಬಂದವರಿಗೆ ನೆನಪಿರಬಹುದು. ಎಲ್ಲ ಮೇಷ್ಟರುಗಳೂ ಚಿತ್ರಾನ್ನದ ಪಾತ್ರೆಯ ಸುತ್ತ ಕುಳಿತಿದ್ದರೆ ನಾನೊಬ್ಬಳು ದಂಡೆಯ ಮೇಲೆ ಬೆತ್ತ ಹಿಡಿದು 'ನೀರಿಗೆ ಇಳಿಯಬೇಡಿ' ಎಂದು ಕೂಗುತ್ತಿದ್ದೆ. ನೀವು ನನಗೊಂದು ಅಡ್ಡಹೆಸರನ್ನೂ ಇಟ್ಟಿದ್ದಿರಿ, ಗೊತ್ತಿಲ್ಲವೆಂದುಕೊಂಡಿರೇನು? ಸಿಗಂದೂರಿನ ಲಾಂಚಿನಲ್ಲಿ ಆಚೆ ದಡ ಬರುವವರೆಗೂ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. 2025ರಲ್ಲಿ ಅಲ್ಲಿ ಸೇತುವೆಯಾದಾಗ ತಾಲ್ಲೂಕಿನಲ್ಲಿ ನನ್ನಷ್ಟು ಸಂತೋಷಪಟ್ಟವರು ಕಡಿಮೆ. ಕಾರಣವನ್ನು ಯಾರಿಗೂ ಹೇಳಿರಲಿಲ್ಲ, ಮಗನಿಗೂ ಸಹ.

"ಅಜ್ಜಿ, ನೀನು ನಡುವೆ ಕೂತುಕೋ. ಅಪ್ಪ ಹಿಂದೆ, ನಾನು ಮುಂದೆ. ಬಿದ್ದರೂ ಈ ಜಾಕೆಟ್ಟು ಮುಳುಗಿಸುವುದಿಲ್ಲ" ಎಂದು ಹನ್ನೊಂದು ವರ್ಷದ ಹುಡುಗಿ ಕಿತ್ತಳೆ ಬಣ್ಣದ ಅಂಗಿಯ ಪಟ್ಟಿಯನ್ನು ನನ್ನ ಸೀರೆಯ ಮೇಲೆಯೇ ಬಿಗಿದಳು. ನಾಲ್ಕು ತಿಂಗಳಲ್ಲಿ ಅವಳು ನನ್ನಲ್ಲಿ ಕೇಳಿದ್ದು ಅದೊಂದೇ. ಹತ್ತಿದೆ. ಕಾಲು ಚಾಚಿ ತಳದಲ್ಲಿಯೇ ಕುಳಿತು ಎರಡೂ ಅಂಚನ್ನು ಹಿಡಿದುಕೊಂಡೆ.

ದಡ ಹಿಂದೆ ಸರಿಯಿತು. ನೀರು ತಿಳಿಯಾಗಿತ್ತು, ತಳದ ಜೊಂಡು, ಬಿದ್ದ ಒಂದು ಮರದ ದಿಮ್ಮಿ, ಅದರ ಕೊಂಬೆ ಎಲ್ಲವೂ ಕಾಣುತ್ತಿದ್ದವು. ಆ ದಿಮ್ಮಿಯನ್ನು ನೋಡಿದೊಡನೆ ನನ್ನ ಬಾಯಿಂದ, ಯಾರೂ ಕೇಳದೆಯೇ, ಮಾತು ಹೊರಟಿತು. ನಮ್ಮ ಮನೆ ನೀರಿನಡಿಯಲ್ಲಿದೆ ಎಂದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ನನಗೆ ಹತ್ತು ವರ್ಷ. ಅದಕ್ಕೂ ಮೊದಲೇ ನಾವು ಮನೆ ಬಿಟ್ಟಿದ್ದೆವು. ತಂದೆ ಬಾಗಿಲು, ತೊಲೆ, ಹೆಂಚು ಬಿಚ್ಚಿ ಗಾಡಿಗೆ ಹೇರಿದರು. ಅಡಿಕೆ ತೋಟವನ್ನು ಹೇರಲಾಗುವುದಿಲ್ಲವಲ್ಲ. ಅಜ್ಜ ಮಾತ್ರ ಮಳೆಗಾಲದಲ್ಲಿ ನನ್ನನ್ನು ಕರೆದುಕೊಂಡು ಹಿಂದಿರುಗಿ ಬಂದು ಗುಡ್ಡದ ಮೇಲೆ ನಿಂತು ನೋಡಿದ. ನೀರು ಓಡಿಬರಲಿಲ್ಲ. ಸದ್ದಿಲ್ಲದೆ, ಎತ್ತು ಮೇಯುತ್ತ ಬರುವ ಹಾಗೆ ಬಂತು. ಮೊದಲು ಗದ್ದೆ, ಆಮೇಲೆ ತೋಟದ ಬುಡ, ಆಮೇಲೆ ಅಡಿಕೆ ಮರಗಳ ತಲೆ ಮಾತ್ರ. ಅಜ್ಜ ಒಂದೊಂದು ಸಾಲನ್ನೂ ಯಾವ ವರ್ಷ ನೆಟ್ಟದ್ದೆಂದು ನನಗೆ ಹೇಳುತ್ತಿದ್ದ. ಹೇಳಿ ಮುಗಿಯುವಷ್ಟರಲ್ಲಿ ಕತ್ತಲಾಯಿತು.

ಹಿಂದಿನ ಹುಟ್ಟಿನ ಸದ್ದು ನಿಂತಿತ್ತು. ಮಗ ನಲವತ್ತನಾಲ್ಕು ವರ್ಷದವನು. ಅವನೂ ಇದನ್ನು ಕೇಳಿದ್ದು ಅದೇ ಮೊದಲು.

"ಮನೆ ಈಗಲೂ ಒಳಗೆ ಇದೆಯಾ?" ಎಂದಳು ಮೊಮ್ಮಗಳು.

"ಗೋಡೆ ಮಣ್ಣಿನದು, ಕರಗಿರುತ್ತದೆ. ಕಲ್ಲಿನ ಪಂಚಾಂಗ ಇರಬಹುದು."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆ ಮೇರಿಯ ಹಾಗೆ ಅಲ್ಲಿ ಯಾರೂ ಗೇಟಿಗೆ ಕೈ ಹಾಕಲಿಲ್ಲವಾ?"

ಇಲ್ಲವೆಂದೆ. ಅಷ್ಟಕ್ಕೇ ಬಿಡಲು ಮೇಷ್ಟರ ಮನಸ್ಸು ಒಪ್ಪದೆ ಮುಂದುವರಿಸಿದೆ. ಮೇರಿಯ ಕೈಯಲ್ಲಿ ಕಾನೂನಿನ ಕಾಗದವಿತ್ತು. ಅಜ್ಜನ ಕೈಯಲ್ಲಿಯೂ ಒಂದು ಕಾಗದವಿತ್ತು, ಮನೆ ಬಿಡಿ ಎನ್ನುವ ಕಾಗದ. ಮೇರಿಯ ಎದುರಿಗೆ ಇದ್ದವರು ಮರದ ವ್ಯಾಪಾರಿಗಳು. ಅಜ್ಜನ ಎದುರಿಗೆ ಇದ್ದದ್ದು ನಾಡಿನ ದೀಪ. ಶರಾವತಿಯ ವಿದ್ಯುತ್ತಿನಿಂದ ಬೆಂಗಳೂರಿನ ಕಾರ್ಖಾನೆಗಳು ನಡೆದವು, ಲಕ್ಷಾಂತರ ಮಕ್ಕಳು ಆ ಬೆಳಕಿನಲ್ಲಿ ಓದಿದರು, ನಿನ್ನ ಅಪ್ಪನೂ ಓದಿದ. ನಾನೇ ತರಗತಿಯಲ್ಲಿ ಶರಾವತಿ ಯೋಜನೆಯ ಪ್ರಯೋಜನಗಳನ್ನು ಬರೆಸಿ, ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟಿದ್ದೇನೆ. ನಾವು ಹೋಗಿ ನೆಲೆಸಿದ ಊರಿನಲ್ಲಿ ಮಾತ್ರ ಬಹಳ ಕಾಲ ಚಿಮಣಿ ದೀಪವೇ ಇತ್ತು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಇಂದಿಗೂ ಬರುವುದಿಲ್ಲ. ಹುಡುಗಿಗೆ ಎಷ್ಟು ಅರ್ಥವಾಯಿತೋ. ಅವಳು ಹುಟ್ಟನ್ನು ಅಡ್ಡವಾಗಿಟ್ಟು ನೀರಿಗೆ ಕೈ ಇಳಿಬಿಟ್ಟಳು. ನಾನೂ ಒಂದು ಕೈಯನ್ನು ಅಂಚಿನಿಂದ ಬಿಡಿಸಿ ಇಳಿಬಿಟ್ಟೆ. ದೋಣಿ ಹಾಗೆಯೇ ಬಹಳ ಹೊತ್ತು ನಿಂತಿತ್ತು. ದೂರದಲ್ಲಿ ಲೂನ್ ಎಂಬ ಕರಿ ತಲೆಯ ನೀರುಹಕ್ಕಿ ಮುಳುಗಿ, ಎಣಿಸುತ್ತ ಕೂತರೂ ಏಳದೆ, ನಾವು ನೋಡುತ್ತಿದ್ದ ದಿಕ್ಕನ್ನು ಬಿಟ್ಟು ಬೇರೆಲ್ಲೋ ಎದ್ದಿತು. ಅದರ ಕೂಗು ಆ ರಾತ್ರಿ ಡೇರೆಯೊಳಗೂ ಕೇಳಿಸಿತು. ನಗುವೋ ಅಳುವೋ ಹೇಳಲಾಗದ ಕೂಗು.

ಊರಿಗೆ ಮರಳಿದ ಮೇಲೆ ಮೊಮ್ಮಗಳದ್ದು ಒಂದೇ ಹಟ: ನೀರು ಇಳಿದಾಗ ಬಂದು ಮನೆಯ ಜಾಗ ನೋಡಬೇಕು. ಬಿರುಬೇಸಿಗೆಯಲ್ಲಿ ಹಿನ್ನೀರು ತಗ್ಗಿದರೆ ಹಳೆಯ ಮಡೆನೂರು ಅಣೆಕಟ್ಟು ಮೇಲೇಳುತ್ತದೆ, ಸತ್ತ ಮರಗಳ ಬೊಡ್ಡೆಗಳು ಕಾಣುತ್ತವೆ ಎಂದು ನಾನೇ ಹೇಳಿ ಆಸೆ ಹುಟ್ಟಿಸಿದ್ದೆ. ಆದರೆ ಅವಳ ರಜೆ ಆರಂಭವಾಗುವುದು ಜೂನ್‌ನಲ್ಲಿ, ನಮ್ಮಲ್ಲಿ ಮಳೆ ಹಿಡಿದು ಜಲಾಶಯ ಏರತೊಡಗುವ ಹೊತ್ತಿಗೆ. ಮೇ ತಿಂಗಳಲ್ಲಿ, ನೆಲ ಕಾಣುವ ಕಾಲಕ್ಕೆ, ಅವಳಿಗೆ ಪರೀಕ್ಷೆ. ಈವರೆಗೆ ಹೊಂದಿಕೆಯಾಗಿಲ್ಲ. ಭಾನುವಾರ ದೂರವಾಣಿ ಮಾಡಿದಾಗ ಮಾತ್ರ ಊಟ ಆಯಿತೇ ಎಂದು ಕೇಳುವ ಮೊದಲು "ಅಜ್ಜಿ, ಈಗ ಎಷ್ಟು ಅಡಿ?" ಎನ್ನುತ್ತಾಳೆ. ನಾನು ಅಂದಿನ ಪತ್ರಿಕೆಯನ್ನು ಪಕ್ಕದಲ್ಲಿಯೇ ಇಟ್ಟುಕೊಂಡಿರುತ್ತೇನೆ. ಜಲಾಶಯಗಳ ಮಟ್ಟದ ಪಟ್ಟಿಯಲ್ಲಿ ಲಿಂಗನಮಕ್ಕಿಯ ಸಾಲನ್ನು ಹುಡುಕಿ, ಕನ್ನಡಕ ಸರಿಪಡಿಸಿಕೊಂಡು ಓದಿ ಹೇಳುತ್ತೇನೆ. ಅವಳು ಬರೆದುಕೊಳ್ಳುತ್ತಾಳೆ.